ಕೆರೆ ತೊಣ್ಣೂರೂ ಅದರ ಸುತ್ತಣ ಸೀಮೆಯೂ

ಭೂಗೋಳದ ಪಾಠದಲ್ಲಿ ದೂರದೇಶಗಳ ಸರೋವರಗಳನ್ನೂ ಸಮುದ್ರತೀರದ ಗ್ರಾಮಗಳನ್ನೂ ನಮ್ಮ ಹುಡುಗಿಯರು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಲ್ಲರು. ಇದು ಸಂತೋಷದ ವಿಷಯವೇ ಸರಿ. ಆದರೆ ತನ್ನ ತಾಯಿಯ ತೌರೂರಿನ ಕೆರೆಯನ್ನು ಕಟ್ಟಿಸಿದವರಾರು, ಊರಬಾಗಿಲ ಬಳಿ ಬಿದ್ದಿರುವ ಬರಹದ ಕಲ್ಲು ಏನನ್ನು ಹೇಳುತ್ತದೆ, ಆ ಊರಿಗೆ ಆ ಹೆಸರು ಹೇಗೆ ಬಂದಿತು ಎಂದು ಕೇಳಿದರೆ ತರಗತಿಯಲ್ಲಿ ಮೌನವೇ ಉತ್ತರವಾಗುವುದುಂಟು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಮನೆಗಳಿಂದ ನಮ್ಮ ಶಾಲೆಗೆ ಮಕ್ಕಳು ಬರುತ್ತಿರುವರು. ಈ ಸೀಮೆಯಲ್ಲಿ ಚರಿತ್ರೆಯಿಲ್ಲದ ಗ್ರಾಮವೇ ವಿರಳ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಅಂತಹ ಒಂದು ಗ್ರಾಮವನ್ನು ಆರಿಸಿಕೊಂಡು, ಅದರ ನೆಲ, ನೀರು, ಗುಡಿ, ಕಾಳಗಗಳ ವಿಚಾರವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಂದೆತಾಯಂದಿರಿಗೂ ಅರಿಕೆಮಾಡಬೇಕೆಂದು ಬಯಸಿದ್ದೇವೆ. ಆ ಗ್ರಾಮವೇ ಪಾಂಡವಪುರ ತಾಲ್ಲೂಕಿನ ಕೆರೆ ತೊಣ್ಣೂರು.

ಸ್ಥಳವೂ ಹೆಸರೂ

ಶ್ರೀರಂಗಪಟ್ಟಣದಿಂದ ಉತ್ತರಾಭಿಮುಖವಾಗಿ ಹೊರಟು, ಪಾಂಡವಪುರವನ್ನು ದಾಟಿ, ಮೇಲುಕೋಟೆಯ ಕಡೆಗೆ ಹೋಗುವ ಸೀಮೆಯಲ್ಲಿ, ಕಲ್ಲುಬೆಟ್ಟಗಳ ಮಡಿಲಿನಲ್ಲಿ ಈ ಗ್ರಾಮವಿರುವುದು. ಸುತ್ತಲೂ ಬೋಳುಬಂಡೆಗಳ ಗುಡ್ಡಗಳು. ಅವುಗಳ ಬುಡದಲ್ಲಿ ಕುರುಚಲು ಕಾಡು. ಅದರ ಕೆಳಗೆ ರಾಗಿಯ ಹೊಲ. ಇನ್ನೂ ಕೆಳಗೆ, ನೀರು ಹರಿಯುವೆಡೆಯಲ್ಲಿ, ಬತ್ತದ ಗದ್ದೆ, ಕಬ್ಬಿನ ತೋಟ ಮತ್ತು ತೆಂಗಿನ ಸಾಲುಗಳು. ಬೆಟ್ಟಗಳ ನಡುವೆ ವಿಸ್ತಾರವಾಗಿ ಹರಡಿಕೊಂಡಿರುವ ತಿಳಿನೀರಿನ ಕೆರೆಯನ್ನು ಮೊದಲ ಸಲ ಕಂಡವರು, ಬಯಲುಸೀಮೆಯ ಈ ಕಲ್ಲುನಾಡಿನಲ್ಲಿ ಇಷ್ಟೊಂದು ನೀರು ಎಲ್ಲಿಂದ ಬಂದಿತೆಂದು ಬೆರಗಾಗುವರು. ಗಾಳಿ ಬೀಸಿದಾಗ ದಡಕ್ಕೆ ಬಂದು ತಾಕುವ ತೆರೆಗಳನ್ನು ನೋಡಿ, ಸಮುದ್ರವನ್ನು ಕಾಣದ ಹಳ್ಳಿಯ ಮಕ್ಕಳು ಇದನ್ನೇ ಸಮುದ್ರವೆಂದರೆ ಆಶ್ಚರ್ಯವಿಲ್ಲ.

ಶಾಸನಗಳಲ್ಲಿ ಈ ಊರಿನ ಹೆಸರು ತೊಂಡನೂರು ಎಂದಿದೆ. ಜನರ ಬಾಯಲ್ಲಿ ಸವೆದು ಅದೇ ತೊಣ್ಣೂರು ಆಯಿತು. ಯಾದವಪುರಿ ಎಂಬ ಹೆಸರೂ ಇದಕ್ಕೆ ಸಲ್ಲುತ್ತಿತ್ತು. ಹೊಯ್ಸಳ ಅರಸರು ತಮ್ಮನ್ನು ಯದುವಂಶದವರೆಂದು ಹೇಳಿಕೊಳ್ಳುತ್ತಿದ್ದುದೇ ಇದಕ್ಕೆ ಕಾರಣ. ಬ್ರಾಹ್ಮಣರಿಗೆ ಅಗ್ರಹಾರವಾಗಿ ಬಿಟ್ಟ ಭಾಗಕ್ಕೆ ಯಾದವನಾರಾಯಣ ಚತುರ್ವೇದಿಮಂಗಲವೆಂಬ ಹೆಸರಿತ್ತು. ಮುಂದೆ ಊರಿಗಿಂತಲೂ ಕೆರೆಯ ಕೀರ್ತಿಯೇ ಹೆಚ್ಚಾದುದರಿಂದ ಕೆರೆ ತೊಣ್ಣೂರು ಎಂದು ಕರೆಯುವುದು ರೂಢಿಗೆ ಬಂದಿತು. ಒಂದು ಗ್ರಾಮಕ್ಕೆ ಕಾಲಕಾಲಕ್ಕೆ ಬಂದ ಹೆಸರುಗಳನ್ನು ಹೀಗೆ ಸಾಲಾಗಿ ಜೋಡಿಸಿದರೆ ಅದೇ ಒಂದು ಸಂಕ್ಷೇಪ ಚರಿತ್ರೆಯಾಗುವುದು.

ರಾಜಧಾನಿಯಾಗಿದ್ದ ಕಾಲ

ಕ್ರಿಸ್ತಶಕ 1004ರ ಸುಮಾರಿಗೆ ತಮಿಳು ದೇಶದ ಚೋಳರು ತಲಕಾಡಿನ ಗಂಗರನ್ನು ಸೋಲಿಸಿ, ಕಾವೇರಿಯ ದಡದ ಈ ನಾಡನ್ನು ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಆಳಿದರು. ಹೊಯ್ಸಳ ವಂಶದ ಬಿಟ್ಟಿದೇವನು, ಎಂದರೆ ವಿಷ್ಣುವರ್ಧನನು, 1116-17ರಲ್ಲಿ ತಲಕಾಡನ್ನು ಗೆದ್ದು ಚೋಳರನ್ನು ಇಲ್ಲಿಂದ ಹೊರದೂಡಿದನು. ದ್ವಾರಸಮುದ್ರವು, ಎಂದರೆ ಇಂದಿನ ಹಳೇಬೀಡು, ಆತನ ಮುಖ್ಯ ರಾಜಧಾನಿ. ಆದರೆ ದಕ್ಷಿಣದ ಈ ಹೊಸ ನಾಡನ್ನು ಕಾಯ್ದುಕೊಳ್ಳಲು ಹತ್ತಿರದಲ್ಲಿ ಒಂದು ನೆಲೆ ಬೇಕಾಗಿದ್ದಿತು. ಬೆಟ್ಟಗಳ ರಕ್ಷಣೆಯೂ ನೀರಿನ ಅನುಕೂಲವೂ ಕೂಡಿದ್ದ ತೊಂಡನೂರು ಅಂತಹ ನೆಲೆಯಾಯಿತು.

ತಮಿಳು ದೇಶದಲ್ಲಿ ಚೋಳ ಅರಸನ ಉಪದ್ರವಕ್ಕೆ ಒಳಗಾದ ರಾಮಾನುಜಾಚಾರ್ಯರು ಕರ್ನಾಟಕಕ್ಕೆ ಬಂದು ಈ ಊರಿನಲ್ಲಿ ನೆಲೆಸಿದ್ದರೆಂದು ಶ್ರೀವೈಷ್ಣವ ಪರಂಪರೆ ಹೇಳುತ್ತದೆ. ಅವರಿಗೆ ಆಶ್ರಯವಿತ್ತ ಶಿಷ್ಯರನ್ನು ತೊಂಡನೂರು ನಂಬಿ ಎಂದು ಕರೆಯುವರು. ರಾಜಕುಮಾರಿಯ ವ್ಯಾಧಿಯನ್ನು ಆಚಾರ್ಯರು ಪರಿಹರಿಸಿದರೆಂದೂ, ಜೈನ ಪಂಡಿತರೊಡನೆ ವಾದಕ್ಕೆ ನಿಂತಾಗ ತೆರೆಯ ಮರೆಯಲ್ಲಿ ಸಾವಿರ ಹೆಡೆಯ ಆದಿಶೇಷನ ರೂಪವನ್ನು ತಾಳಿ ಒಮ್ಮೆಗೇ ಸಾವಿರ ಪ್ರಶ್ನೆಗಳಿಗೆ ಉತ್ತರವಿತ್ತರೆಂದೂ, ಇದರಿಂದ ಅರಸನು ಅವರ ಮತವನ್ನು ಹಿಡಿದನೆಂದೂ ಕಥೆಗಳಿವೆ. ಇಂತಹ ಕಥೆಗಳನ್ನು ಓದುವಾಗ ವಾಚಕರು ಒಂದು ಸಂಗತಿಯನ್ನು ಮರೆಯಬಾರದು. ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯು ಕಡೆಯವರೆಗೂ ಜೈನಮತದಲ್ಲಿಯೇ ಇದ್ದಳು. ತಲಕಾಡನ್ನು ಗೆದ್ದುಕೊಟ್ಟ ದಂಡನಾಯಕ ಗಂಗರಾಜನೂ ಜೈನನೇ. ಒಂದೇ ಅರಮನೆಯಲ್ಲಿ ಬೇರೆ ಬೇರೆ ಮತದವರು ಕೂಡಿ ಬಾಳಿದರೆಂಬುದಕ್ಕೆ ಶಾಸನಗಳ ಸಾಕ್ಷ್ಯವಿದೆ. ಕಥೆಯು ವಾದದ ಸೋಲುಗೆಲವನ್ನು ಹೇಳಿದರೆ, ಕಲ್ಲಿನ ಬರಹವು ಸಹವಾಸದ ನೆನಪನ್ನು ಉಳಿಸಿಕೊಟ್ಟಿದೆ. ಎರಡನ್ನೂ ಮಕ್ಕಳಿಗೆ ಹೇಳಬೇಕು; ಆದರೆ ಎರಡರ ಭೇದವನ್ನೂ ತಿಳಿಸಬೇಕು.

ಈ ಊರಿಗೆ ಎರಡನೆಯ ಸಲ ರಾಜಧಾನಿಯ ಭಾಗ್ಯ ಬಂದುದು ದುಃಖದ ಕಾಲದಲ್ಲಿ. 1311ರಲ್ಲಿ ದೆಹಲಿಯ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರನು ದ್ವಾರಸಮುದ್ರದ ಮೇಲೆ ಬಿದ್ದನು. 1327ರ ಸುಮಾರಿಗೆ ಮಹಮ್ಮದ್ ತುಘಲಕನ ಸೈನ್ಯವು ಬಂದು ಆ ವೈಭವದ ನಗರವನ್ನು ಹಾಳುಗೆಡವಿತು. ಆಗ ಮೂರನೆಯ ಬಲ್ಲಾಳನು ತೊಂಡನೂರಿಗೆ ಬಂದು ನೆಲೆಸಿ, ಬಳಿಕ ತಮಿಳು ದೇಶದ ತಿರುವಣ್ಣಾಮಲೆಯಲ್ಲಿ ನಿಂತು ರಾಜ್ಯವನ್ನು ಉಳಿಸಿಕೊಳ್ಳಲು ಹೋರಾಡಿ, 1342-43ರಲ್ಲಿ ಮಧುರೆಯ ಸುಲ್ತಾನನೊಡನೆ ನಡೆದ ಯುದ್ಧದಲ್ಲಿ ಮಡಿದನು. ಹೊಯ್ಸಳರ ಏಳಿಗೆಯ ಕಾಲದಲ್ಲಿ ಗಡಿಯ ಕಾವಲಾಗಿದ್ದ ಊರು, ಅವರ ಇಳಿಗಾಲದಲ್ಲಿ ಆಸರೆಯ ಮನೆಯಾಯಿತು. ಬಲ್ಲಾಳನ ತರುವಾಯ ಈ ನಾಡು ವಿಜಯನಗರದವರಿಗೂ, ಅನಂತರ ಮೈಸೂರು ಒಡೆಯರಿಗೂ ಸೇರಿತು. 1722ರ ತೊಣ್ಣೂರು ತಾಮ್ರಶಾಸನವು ಮೈಸೂರು ಅರಸರ ಚರಿತ್ರೆಯನ್ನು ಬರೆಯುವವರಿಗೆ ಮುಖ್ಯವಾದ ಆಧಾರಗಳಲ್ಲೊಂದು.

ಗುಡಿಗಳೂ ದರ್ಗಾವೂ

ಊರಿನ ಮುಖ್ಯ ದೇವಾಲಯ ನಂಬಿನಾರಾಯಣನದು. ವಿಷ್ಣುವರ್ಧನನ ಅಧಿಕಾರಿಯಾಗಿದ್ದ ಸುರಿಗೆಯ ನಾಗಯ್ಯನು ಇದನ್ನು ಕಟ್ಟಿಸಿದನೆಂದು ಹೇಳುವರು. ವಿಷ್ಣುವರ್ಧನನ ಹೆಸರಿನೊಡನೆ ಜನರು ಸೇರಿಸಿ ಹೇಳುವ ಪಂಚನಾರಾಯಣ ಕ್ಷೇತ್ರಗಳಲ್ಲಿ ಇದೂ ಒಂದು. ಬೇಲೂರು ಹಳೇಬೀಡುಗಳನ್ನು ನೋಡಿ ಬಂದವರು ಇಲ್ಲಿಯೂ ಅಂತಹ ನಯವಾದ ಕೆತ್ತನೆಯನ್ನು ನಿರೀಕ್ಷಿಸಿದರೆ ಅವರಿಗೆ ಆಶಾಭಂಗವಾಗುವುದು. ಇದಕ್ಕೆ ಕಾರಣವು ಕಲ್ಲಿನಲ್ಲಿಯೇ ಇದೆ. ಬೇಲೂರಿನ ಗುಡಿಗೆ ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೃದುವಾಗಿದ್ದು, ಉಳಿಯ ಮೊನೆಗೆ ಬೆಣ್ಣೆಯಂತೆ ಒಳಗಾಗಿ, ಗಾಳಿ ಬಿಸಿಲುಗಳಿಗೆ ಸಿಕ್ಕಿದ ಮೇಲೆ ಗಟ್ಟಿಯಾಗುವುದು. ತೊಣ್ಣೂರಿನ ಸುತ್ತ ದೊರೆಯುವುದು ಕರ್ಕಶವಾದ ಬೆಣಚುಕಲ್ಲು. ಅದರಲ್ಲಿ ಸರಪಣಿಯ ಕೊಂಡಿಗಳನ್ನೂ ಮುಡಿಯ ಎಳೆಗಳನ್ನೂ ಬಿಡಿಸಲಾಗದು. ಎತ್ತರವಾದ ಕಂಬಗಳನ್ನೂ ವಿಶಾಲವಾದ ಮಂಟಪಗಳನ್ನೂ ನಿಲ್ಲಿಸಬಹುದು. ಆದಕಾರಣ ಈ ಗುಡಿಯು ತಮಿಳು ದೇಶದ ರೀತಿಯನ್ನು ಅನುಸರಿಸಿ ಸರಳವಾಗಿಯೂ ಗಂಭೀರವಾಗಿಯೂ ಇರುವುದು. ಇಲ್ಲಿಯ ಶಾಸನಗಳಲ್ಲಿ ಕನ್ನಡದವುಗಳೊಡನೆ ತಮಿಳಿನವೂ ಬಹುವಾಗಿವೆ. ಚೋಳರ ಆಳಿಕೆಯೂ, ತಮಿಳು ದೇಶದಿಂದ ಬಂದ ಶ್ರೀವೈಷ್ಣವ ಕುಟುಂಬಗಳೂ ಇದಕ್ಕೆ ಕಾರಣ. ಗಡಿನಾಡಿನಲ್ಲಿ ಎರಡು ಭಾಷೆಗಳು ಒಂದೇ ಗೋಡೆಯ ಮೇಲೆ ನೆರೆಹೊರೆಯವರಾಗಿ ಬದುಕುವುದು ಹೊಸ ಮಾತೇನೂ ಅಲ್ಲ.

ಸಮೀಪದಲ್ಲಿಯೇ ವೇಣುಗೋಪಾಲಸ್ವಾಮಿಯ ಗುಡಿಯೂ, ಸಣ್ಣ ಗುಡ್ಡದ ಮೇಲೆ ಯೋಗನರಸಿಂಹನ ಗುಡಿಯೂ ಇವೆ. ರಾಮಾನುಜಾಚಾರ್ಯರ ವಾದದ ಕಥೆಯನ್ನು ಈ ನರಸಿಂಹನ ಗುಡಿಗೆ ಸೇರಿಸಿ ಹೇಳುವರು. ಇವಲ್ಲದೆ ಸಯ್ಯದ್ ಸಾಲಾರ್ ಮಸೂದರ ಹೆಸರಿನ ಹಳೆಯ ದರ್ಗಾ ಒಂದಿದ್ದು, ಸುತ್ತಲ ಗ್ರಾಮಗಳ ಮುಸಲ್ಮಾನರೂ ಹಿಂದೂಗಳೂ ಅಲ್ಲಿಗೆ ಹರಕೆ ಹೊತ್ತು ಬರುವರು.

ಕೆರೆಯ ರಚನೆ

ಇನ್ನು ಕೆರೆಯ ವಿಚಾರ. ಇದನ್ನು ರಾಮಾನುಜಾಚಾರ್ಯರೇ ಕಟ್ಟಿಸಿದರೆಂದೂ, ತಿರುಮಲಸಾಗರವೆಂದು ಹೆಸರಿಟ್ಟರೆಂದೂ ಪ್ರತೀತಿಯಿದೆ. 1746ರಲ್ಲಿ ಹೈದರಾಬಾದಿನ ನಿಜಾಮನ ಮಗ ನಾಸಿರ್ ಜಂಗನು ಮೈಸೂರಿನಿಂದ ಕಪ್ಪವನ್ನು ವಸೂಲುಮಾಡಲು ಬಂದಾಗ ಈ ತಿಳಿನೀರನ್ನು ಕಂಡು ಮೋತಿ ತಲಾಬ್, ಎಂದರೆ ಮುತ್ತಿನ ಕೆರೆ, ಎಂದು ಕರೆದನೆನ್ನುವರು. ಆ ಹೆಸರೂ ಉಳಿದುಕೊಂಡಿದೆ.

ಬೆಟ್ಟಗಳಿಂದ ಇಳಿದುಬರುವ ಯಾದವನದಿಯೆಂಬ ತೊರೆಯು ಎರಡು ಕಲ್ಲುಗುಡ್ಡಗಳ ನಡುವಣ ಕಿರಿದಾದ ಕಣಿವೆಯಲ್ಲಿ ನುಸುಳಿ ಹರಿಯುತ್ತಿತ್ತು. ಹಿಂದಿನವರು ಆ ಬಾಯಿಗೆ ಅಡ್ಡಲಾಗಿ ಮಣ್ಣುಕಲ್ಲುಗಳ ಭಾರಿಯ ಏರಿಯನ್ನು ಹಾಕಿದರು. ಎರಡು ಕಡೆಯ ಗುಡ್ಡಗಳನ್ನು ದೇವರೇ ಕಟ್ಟಿಕೊಟ್ಟಿದ್ದನು. ಮನುಷ್ಯನು ನಡುವಣ ಬಾಗಿಲನ್ನು ಮುಚ್ಚಿದನು. ಆದುದರಿಂದ ಏರಿಯ ಉದ್ದ ಸ್ವಲ್ಪ, ಎತ್ತರ ಅಧಿಕ, ಬುಡದ ದಪ್ಪ ಅದಕ್ಕಿಂತಲೂ ಅಧಿಕ.

ಬುಡವನ್ನು ಅಷ್ಟು ದಪ್ಪವಾಗಿ ಏಕೆ ಕಟ್ಟಬೇಕೆಂದು ತರಗತಿಯಲ್ಲಿ ಮಕ್ಕಳು ಕೇಳುವರು. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಹಳೆಯ ಡಬ್ಬಿಗೆ ಮೇಲೆ, ನಡುವೆ, ಕೆಳಗೆ ಮೂರು ಸಮನಾದ ತೂತುಗಳನ್ನು ಮಾಡಿ ನೀರು ತುಂಬಿದರೆ, ಮೇಲಿನ ತೂತಿನ ನೀರು ಡಬ್ಬಿಯನ್ನು ಸವರಿಕೊಂಡು ಇಳಿಯುವುದು. ಕೆಳಗಿನದು ರಭಸದಿಂದ ಚಿಮ್ಮುವುದು. ನೀರಿನ ಒತ್ತಡವು ಅದರ ಆಳವನ್ನು ಅನುಸರಿಸುವುದೇ ಹೊರತು ಅದರ ಹರವನ್ನಲ್ಲ. ಆದಕಾರಣ ಆಳವಾದ ಕೆರೆಯ ಏರಿಗೆ ಬುಡದಲ್ಲಿಯೇ ಬಲವಿರಬೇಕು. ಈ ನಿಯಮವನ್ನು ಪುಸ್ತಕದಲ್ಲಿ ಓದದೆಯೇ ನಮ್ಮ ಹಿಂದಿನ ಒಡ್ಡರೂ ಕಲ್ಲುಕುಟಿಗರೂ ಅನುಭವದಿಂದ ಅರಿತಿದ್ದರು.

ತೊಣ್ಣೂರು ಕೆರೆ ಸುಲಭವಾಗಿ ಬತ್ತುವುದಿಲ್ಲವೆಂಬ ಮಾತಿಗೂ ಇದೇ ಆಳವು ಕಾರಣ. ಒಂದು ಸೇರು ನೀರನ್ನು ತಟ್ಟೆಯಲ್ಲಿಯೂ, ಮತ್ತೊಂದು ಸೇರನ್ನು ಚೊಂಬಿನಲ್ಲಿಯೂ ಸುರಿದು ಬಿಸಿಲಿನಲ್ಲಿಟ್ಟರೆ ತಟ್ಟೆಯ ನೀರು ಮೊದಲು ಆರಿಹೋಗುವುದು. ಬಿಸಿಲು ಮುಟ್ಟುವುದು ಮೇಲ್ಮೈಯನ್ನಲ್ಲವೇ? ಬಯಲಿನ ಕೆರೆಗಳು ತಟ್ಟೆಯಂತೆ ಅಗಲವಾಗಿಯೂ ತೆಳುವಾಗಿಯೂ ಇರುವುವು; ಬೇಸಿಗೆಯ ಕೊನೆಗೆ ಅವುಗಳ ಒಡಲು ಬಿರುಕು ಬಿಡುವುದು. ತೊಣ್ಣೂರಿನದು ಚೊಂಬಿನ ಜಾತಿಯದು. ಈ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರುಗಳಷ್ಟು ಮಾತ್ರ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿಯೇ ಸುರಿದುಹೋಗುವುದು. ಎರಡು ತಿಂಗಳ ನೀರನ್ನು ಹನ್ನೆರಡು ತಿಂಗಳ ಅನ್ನವನ್ನಾಗಿ ಮಾಡುವ ಸಾಧನವೇ ಕೆರೆ.

1800ರಲ್ಲಿ ಇಂಗ್ಲಿಷರ ಸರಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿ ನೋಡಿದ ವೈದ್ಯ ಫ್ರಾನ್ಸಿಸ್ ಬುಕಾನನ್ನನು ಈ ಕೆರೆಯನ್ನು ಕಂಡು, ನಿಜವಾಗಿಯೂ ಒಂದು ಮಹತ್ಕಾರ್ಯವೆಂದು ಮೆಚ್ಚಿ ಬರೆದಿರುವನು. ಹೆಚ್ಚಿನ ನೀರು ಹರಿದುಹೋಗಲು ಬೆಟ್ಟದ ಒಂದು ಪಕ್ಕವನ್ನು ಬಹು ಶ್ರಮದಿಂದ ಕಡಿದು ಕಾಲುವೆಯನ್ನು ಮಾಡಿರುವುದನ್ನೂ, ಕೆರೆಯು ಒಮ್ಮೆ ತುಂಬಿದರೆ ಎರಡು ವರ್ಷದ ಬೇಸಾಯಕ್ಕೆ ನೀರು ಸಾಲುವುದೆಂಬುದನ್ನೂ ಅವನು ಗುರುತು ಹಾಕಿಕೊಂಡಿರುವನು. ಏರಿಯು ಮಣ್ಣಿನದಾದರೆ ನೀರು ಅದರ ತಲೆಯನ್ನು ದಾಟಿ ಹರಿಯಬಾರದು. ಹರಿದರೆ ಒಂದೇ ರಾತ್ರಿಯಲ್ಲಿ ಕೊಚ್ಚಿಹೋಗುವುದು. ಆದುದರಿಂದ ಕೋಡಿಯನ್ನು ಗಟ್ಟಿಯಾದ ಬಂಡೆಯಲ್ಲಿಯೇ ಬಿಡಿಸಿದುದು ಬಹು ವಿವೇಕದ ಕಾರ್ಯ.

ಹೊಯ್ಸಳರು ಇಲ್ಲಿ ಆಳುತ್ತಿದ್ದ ಶತಮಾನದಲ್ಲಿಯೇ ಸಿಂಹಳ ದ್ವೀಪದ ಪೊಲೊನ್ನರುವದಲ್ಲಿ ಪರಾಕ್ರಮಬಾಹು ಎಂಬ ಅರಸನು, 1153ರಿಂದ 1186ರವರೆಗೆ ಆಳಿ, ಸಮುದ್ರದಂತಹ ಕೆರೆಯನ್ನು ಕಟ್ಟಿಸಿ ಪ್ರಸಿದ್ಧನಾದನು. ಮಳೆಯನ್ನು ನಂಬಿದ ದಕ್ಷಿಣದ ನಾಡುಗಳೆಲ್ಲ ಒಂದೇ ವಿದ್ಯೆಯನ್ನು ಬೇರೆ ಬೇರೆ ಕೈಗಳಿಂದ ಕಲಿತುವೆಂದು ಇದರಿಂದ ತಿಳಿಯಬಹುದು.

ಕೆರೆಯನ್ನು ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ತೂಬನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಯಾವ ದಿನ ನೀರು, ಕಡೆಯ ಗದ್ದೆಯ ಬಡವನಿಗೆ ಪಾಲು ತಪ್ಪದಂತೆ ನೋಡಿಕೊಳ್ಳುವವರಾರು, ಇವೆಲ್ಲ ದಿನನಿತ್ಯದ ನ್ಯಾಯದ ಪ್ರಶ್ನೆಗಳು. ಇದಕ್ಕಾಗಿ ನಮ್ಮ ಹಳ್ಳಿಗಳಲ್ಲಿ ನೀರುಗಂಟಿಯೆಂಬ ಊಳಿಗದವನಿರುತ್ತಿದ್ದನು. ಅವನಿಗೆ ಸಂಬಳವು ಸುಗ್ಗಿಯ ಕಾಲದಲ್ಲಿ ಕಣದಿಂದ ಕೊಡುವ ಧಾನ್ಯ. ಮೇಲಿನ ಗದ್ದೆಯವನ ದಾಕ್ಷಿಣ್ಯಕ್ಕೂ ಕೆಳಗಿನ ಗದ್ದೆಯವನ ಕಣ್ಣೀರಿಗೂ ನಡುವೆ ನಿಂತು ನೀರನ್ನು ಹಂಚಿದ ಆ ಹೆಸರಿಲ್ಲದ ಮನುಷ್ಯನನ್ನು ಚರಿತ್ರೆಯ ಪುಸ್ತಕಗಳು ಮರೆತಿವೆ, ನಾವು ಮರೆಯಬಾರದು.

ಕೆರೆಯ ದಡದ ಕಾಳಗಗಳು

ನೀರಿರುವ ಎಡೆಗೆ ರೈತನಂತೆ ಸೈನ್ಯವೂ ಬರುವುದು. 1771ನೆಯ ಮಾರ್ಚಿ ತಿಂಗಳಿನಲ್ಲಿ ಹೈದರಾಲಿಯ ಸೈನ್ಯವು ಮೇಲುಕೋಟೆಯ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹಿಂದೆಗೆಯುತ್ತಿದ್ದಾಗ, ತ್ರಿಂಬಕರಾಯನ ನಾಯಕತ್ವದ ಮರಾಠರು ಬೆನ್ನಟ್ಟಿ, ಈ ಕೆರೆಗೂ ಚಿನಕುರಳಿಗೂ ನಡುವಣ ಸೀಮೆಯಲ್ಲಿ ಅದನ್ನು ಸಂಪೂರ್ಣವಾಗಿ ಮುರಿದರು. ಹೈದರನು ಶ್ರೀರಂಗಪಟ್ಟಣದ ಕೋಟೆಯನ್ನು ಸೇರಿ ಪ್ರಾಣವನ್ನು ಉಳಿಸಿಕೊಂಡನು. ಮೋತಿ ತಲಾಬಿನ ಕಾಳಗವೆಂದೂ ಚಿನಕುರಳಿಯ ಕಾಳಗವೆಂದೂ ಇದಕ್ಕೆ ಹೆಸರು.

ಹೈದರ್ ಟಿಪ್ಪುಗಳ ಚಾಕರಿಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಸಮೀಪದ ಹಿರೋಡೆಯ ಕಲ್ಲುಗುಡ್ಡಗಳ ಬಳಿ ಬೀಡುಬಿಟ್ಟಿದ್ದುದರಿಂದ ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಿದ್ದಿತು. ನಮ್ಮ ಅಜ್ಜಿಯರ ಬಾಯಲ್ಲಿ ಆ ಹೆಸರು ಇನ್ನೂ ಇದ್ದಿತು. ಪಾಂಡವರು ವನವಾಸದಲ್ಲಿ ತಾಯಿ ಕುಂತಿಯೊಡನೆ ಅಲ್ಲಿಯ ಬೆಟ್ಟದಲ್ಲಿ ತಂಗಿದ್ದರೆಂಬ ಸ್ಥಳಕಥೆಯನ್ನು ಅನುಸರಿಸಿ ಈಗ ಪಾಂಡವಪುರವೆನ್ನುವರು. ಬೆಟ್ಟಕ್ಕೆ ಕುಂತಿಬೆಟ್ಟವೆಂದೇ ಹೆಸರು. 1792ನೆಯ ಫೆಬ್ರವರಿ 5ರಂದು ಕಾರ್ನ್‌ವಾಲೀಸನ ಸೈನ್ಯವು ಈ ಗುಡ್ಡಗಳ ಬಳಿ ಇಳಿದು, ಮರುದಿನದ ರಾತ್ರಿ ಶ್ರೀರಂಗಪಟ್ಟಣದ ಹೊರಗಣ ಠಾಣ್ಯಗಳ ಮೇಲೆ ಬಿದ್ದಿತು.

ಈ ಯುದ್ಧಗಳ ಕಾಲದಲ್ಲಿಯೇ ತೊಣ್ಣೂರು ಕೆರೆಗೆ ದೊಡ್ಡ ಗಾಯವಾಯಿತು. ಟಿಪ್ಪು ಸುಲ್ತಾನನು ಏರಿಯನ್ನು ಒಡೆಯಿಸಿದನು. ಕೆರೆಯು ಶತ್ರುಸೈನ್ಯಕ್ಕೆ ನೆರವಾಗದಿರಲೆಂದು ಹಾಗೆ ಮಾಡಿಸಿದನೆಂದು ಹಳೆಯ ಗೆಜೆಟಿಯರು ಹೇಳುವುದು; ಬೇರೆ ಕಾರಣಗಳನ್ನು ಹೇಳುವವರೂ ಉಂಟು. ಕಾರಣವೇನೇ ಇರಲಿ, ಶತಮಾನಗಳಿಂದ ನಿಂತಿದ್ದ ನೀರು ಹರಿದುಹೋಗಿ ಕೆಳಗಣ ಅಚ್ಚುಕಟ್ಟು ಒಣಗಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಏರಿಯನ್ನು ಮರಳಿ ಕಟ್ಟಲಾಯಿತು. ಆದರೆ ಒಬ್ಬ ಅರಸನನ್ನು ಒಂದೇ ಕೃತ್ಯದಿಂದ ಅಳೆಯುವುದು ನ್ಯಾಯವಲ್ಲ. ಅದೇ ಟಿಪ್ಪುವು 1794ರಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆಯನ್ನು ಹಾಕಲು ಯೋಚಿಸಿ ಬರೆಯಿಸಿದ ಪಾರಸಿ ಶಾಸನವು ಕನ್ನಂಬಾಡಿಯ ಬಳಿ ಸಿಕ್ಕಿದೆ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟಡಕ್ಕೆ ನೆಲವನ್ನು ಅಗೆಯುವಾಗ ದೊರೆತ ಆ ಕಲ್ಲನ್ನು ಅಣೆಕಟ್ಟಿನಲ್ಲಿ ಕಾಣುವಂತೆ ಇಟ್ಟಿರುವರು. ಯುದ್ಧವು ಒಂದು ಕೈಯಿಂದ ಕೆಡಿಸಿದುದನ್ನು ಅದೇ ಮನುಷ್ಯನ ಮತ್ತೊಂದು ಕೈ ಕಟ್ಟಲು ಬಯಸಿತು. ಯುದ್ಧಕಾಲದಲ್ಲಿ ಮೊದಲು ಹಾಳಾಗುವುದು ಹೆಂಗಸರು ಕೊಡವನ್ನಿಡುವ ನೀರಿನ ನೆಲೆಯೇ ಎಂಬ ಪಾಠವನ್ನು ಮಾತ್ರ ಈ ಒಡೆದ ಏರಿಯಿಂದ ನಮ್ಮ ಹುಡುಗಿಯರು ಕಲಿಯಬೇಕೆಂದು ನಾವು ಬಯಸುವೆವು.

ಸುತ್ತಣ ಸೀಮೆ

ತೊಣ್ಣೂರನ್ನು ನಡುವೆ ಇಟ್ಟುಕೊಂಡು ಸುತ್ತಲೂ ಕಣ್ಣುಹಾಯಿಸಿದರೆ ಈ ನಾಲ್ಕು ತಾಲ್ಲೂಕುಗಳ ಸಂಪತ್ತು ತಿಳಿಯುವುದು. ಉತ್ತರದ ಬೆಟ್ಟಸಾಲಿನ ಮೇಲೆ ಮೇಲುಕೋಟೆ; ಅಲ್ಲಿಯ ಚೆಲುವನಾರಾಯಣನ ವೈರಮುಡಿ ಉತ್ಸವಕ್ಕೆ ನಾಡಿನ ನಾನಾ ಭಾಗಗಳಿಂದ ಜನ ಸೇರುವರು. ಕವಿ ಪು. ತಿ. ನರಸಿಂಹಾಚಾರ್ಯರು 1905ರಲ್ಲಿ ಹುಟ್ಟಿದುದು ಅಲ್ಲಿಯೇ. ಆ ಬೆಟ್ಟಗಳ ಕುರುಚಲು ಕಾಡಿನಲ್ಲಿ ಉಳಿದಿರುವ ತೋಳಗಳ ರಕ್ಷಣೆಗಾಗಿ 1974ರಲ್ಲಿ ವನ್ಯಜೀವಿಧಾಮವನ್ನು ಏರ್ಪಡಿಸಿರುವರು.

ಹಿಂದೆ ಅತ್ತಿಗುಪ್ಪೆಯೆನಿಸಿಕೊಂಡಿದ್ದ ಕೃಷ್ಣರಾಜಪೇಟೆಯ ಸೆರಗಿನಲ್ಲಿರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವು 1250ರ ಸುಮಾರಿನದು. ತೊಣ್ಣೂರಿನಲ್ಲಿ ಕಾಣದ ಬಳಪದ ಕಲ್ಲಿನ ಕುಸುರಿಯನ್ನು ಅಲ್ಲಿ ಕಣ್ತುಂಬ ನೋಡಬಹುದು. ಅದೇ ತಾಲ್ಲೂಕಿನ ಕಿಕ್ಕೇರಿಯ ಬ್ರಹ್ಮೇಶ್ವರ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯಗಳೂ ಹೊಯ್ಸಳರ ಕಾಲದವು. ನಾಗಮಂಗಲದಲ್ಲಿ ಸೌಮ್ಯಕೇಶವನ ಗುಡಿಯಿದೆ. ಲೋಹದ ವಿಗ್ರಹಗಳನ್ನು ಎರಕಹೊಯ್ಯುವ ಕುಶಲಿಗಳಿಂದಲೂ ಆ ಊರು ಹೆಸರುಗೊಂಡಿದೆ. ಆ ತಾಲ್ಲೂಕಿನ ಕಂಬದಹಳ್ಳಿಯ ಜೈನ ಬಸದಿಗಳು, ತೊಣ್ಣೂರಿನ ವಾದದ ಕಥೆಯ ಆಚೆಗೂ ಈ ನಾಡಿನಲ್ಲಿ ಜೈನರ ಬಾಳು ಬೆಳಗಿತೆಂಬುದಕ್ಕೆ ಸಾಕ್ಷಿ. ನಾಗಮಂಗಲದ ಕಡೆಯಿಂದ ಹರಿದುಬರುವ ಲೋಕಪಾವನಿ ಹೊಳೆಯು ಶ್ರೀರಂಗಪಟ್ಟಣದ ಬಳಿ ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುವುದು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟುವ ಹಕ್ಕಿಗಳಿಗೆ ಪಕ್ಷಿಶಾಸ್ತ್ರಜ್ಞ ಸಲೀಂ ಆಲಿಯವರ ಸಲಹೆಯಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವು ಏರ್ಪಟ್ಟಿತು.

ನಮ್ಮ ಕರ್ತವ್ಯ

ರಾಜಧಾನಿಯಾಗಿದ್ದ ಊರು ಈಗ ಸಣ್ಣ ಗ್ರಾಮ. ಅರಮನೆಯ ಗುರುತು ಕೂಡ ಕಣ್ಣಿಗೆ ಬೀಳದು. ಉಳಿದುಬಂದಿರುವುದು ಗುಡಿಗಳೂ ಕೆರೆಯೂ ಮಾತ್ರ. ಅದರಲ್ಲಿಯೂ ಇಂದಿಗೂ ಅನ್ನವಿಡುತ್ತಿರುವುದು ಕೆರೆಯೊಂದೇ. ಅರಸರು ತಮ್ಮ ಕೀರ್ತಿಗಾಗಿ ಕಟ್ಟಿಸಿದುದು ಬಿದ್ದುಹೋಗಿ, ಎಲ್ಲರ ಹಿತಕ್ಕಾಗಿ ಕಟ್ಟಿಸಿದುದು ನಿಂತಿದೆ. ಅದು ತಾನಾಗಿ ನಿಂತುದಲ್ಲ. ಒಡೆದಾಗ ಮತ್ತೆ ಕಟ್ಟಿದವರಿದ್ದರು; ಹೂಳನ್ನೆತ್ತಿ ಏರಿಯನ್ನು ಕಾಯ್ದವರಿದ್ದರು. ಆದುದರಿಂದಲೇ ನಿಂತಿತು.

ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರು ಮೈಸೂರುಗಳಿಂದ ರಜಾದಿನಗಳಲ್ಲಿ ಬಹು ಮಂದಿ ಇಲ್ಲಿಗೆ ಬರುತ್ತಿರುವರು. ಬರುವುದು ಒಳ್ಳೆಯದೇ. ಆದರೆ ತಂದು ತಿಂದ ಪೊಟ್ಟಣಗಳನ್ನೂ ಸೀಸೆಗಳನ್ನೂ ದಡದಲ್ಲಿ ಎಸೆದುಹೋಗುವುದು, ಮತ್ತೊಬ್ಬರ ಮನೆಯ ಕುಡಿಯುವ ನೀರಿನ ಹಂಡೆಗೆ ಕಸವನ್ನು ಹಾಕಿದಂತೆ. ಇನ್ನೂ ಗಂಭೀರವಾದ ವಿಷಯವೊಂದುಂಟು. ನಾವು ಮೇಲೆ ಹೇಳಿದಂತೆ ಇದು ಕಣಿವೆಯಲ್ಲಿ ಕಟ್ಟಿದ ಕೆರೆ. ಬಯಲಿನ ಕೆರೆಯಂತೆ ಹೆಜ್ಜೆಹೆಜ್ಜೆಗೆ ಆಳವಾಗುವುದೆಂದು ನಂಬಲಾಗದು. ಬಂಡೆಯ ಅಂಚಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಕಾಲಿಗೆ ನೆಲ ಸಿಕ್ಕದು. ಶಾಂತವಾದ ತಿಳಿನೀರನ್ನು ನೋಡಿ ಮೋಸಹೋಗಿ ಇಳಿದ ತರುಣರು ಇಲ್ಲಿ ಪ್ರಾಣವನ್ನು ಕಳೆದುಕೊಂಡಿರುವರು. ತಿಳಿಯಾದ ನೀರಿನಲ್ಲಿ ತಳವು ಇರುವುದಕ್ಕಿಂತ ಹತ್ತಿರವಾಗಿ ಕಾಣುವುದೆಂಬುದು ನಮ್ಮ ಹುಡುಗಿಯರು ವಿಜ್ಞಾನದ ಪಾಠದಲ್ಲಿ ಓದಿರುವ ಸಂಗತಿ. ಪರೀಕ್ಷೆಯಲ್ಲಿ ಬರೆದ ಉತ್ತರವು ದಡದಲ್ಲಿ ನೆನಪಿಗೆ ಬಾರದಿದ್ದರೆ ವಿದ್ಯೆಯಿಂದ ಏನು ಪ್ರಯೋಜನ? ಮಕ್ಕಳನ್ನು ಕರೆದೊಯ್ಯುವ ತಂದೆತಾಯಂದಿರು ನೋಡಿ ಆನಂದಿಸಲಿ. ನೀರಿಗಿಳಿಯಲು ಮಾತ್ರ ಬಿಡದಿರಲಿ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಬೇಡಿಕೆಯಿದೆ. ನೀವು ಮದುವೆಯಾಗಿಯೋ ಉದ್ಯೋಗವನ್ನು ಹಿಡಿದೋ ನಾನಾ ಊರುಗಳಲ್ಲಿ ನೆಲೆಸಿರುವಿರಿ. ಆ ಊರುಗಳಲ್ಲಿಯೂ ಬರಹದ ಕಲ್ಲುಗಳಿರುವುವು. ಅವು ಎಷ್ಟೋ ಕಡೆ ಬಟ್ಟೆಯೊಗೆಯುವ ಕಲ್ಲುಗಳಾಗಿವೆ, ಚರಂಡಿಯ ಚಪ್ಪಡಿಗಳಾಗಿವೆ. ಬಿ. ಎಲ್. ರೈಸರು 1894ರಲ್ಲಿ ಮೈಸೂರು ಜಿಲ್ಲೆಯ ಶಾಸನಗಳ ಮೊದಲನೆಯ ಭಾಗವನ್ನು ಅಚ್ಚುಹಾಕಿಸಿದರು. ಮೈಸೂರು ವಿಶ್ವವಿದ್ಯಾನಿಲಯದವರು ಅದನ್ನು ತಿದ್ದಿ ಬೆಳೆಸಿ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳನ್ನು ಆರನೆಯ ಸಂಪುಟವಾಗಿ 1977ರಲ್ಲಿಯೂ, ನಾಗಮಂಗಲದವನ್ನು ಏಳನೆಯ ಸಂಪುಟದಲ್ಲಿ 1979ರಲ್ಲಿಯೂ ಹೊರತಂದರು. ದೊಡ್ಡ ಪುಸ್ತಕಾಲಯಗಳಲ್ಲಿ ಇವು ದೊರೆಯುವುವು. ನಿಮ್ಮ ಊರಿನ ಹೆಸರನ್ನು ಅವುಗಳಲ್ಲಿ ಹುಡುಕಿರಿ. ಕಲ್ಲನ್ನು ತೊಳೆದು, ನೆರಳಿರುವೆಡೆಯಲ್ಲಿ ನಿಲ್ಲಿಸುವಂತೆ ಊರಿನವರಿಗೆ ಹೇಳಿರಿ. ನಿಮ್ಮ ಅತ್ತೆಯವರೂ ಅಜ್ಜಿಯವರೂ ಹೇಳುವ ಕೆರೆಯ ಕಥೆಯನ್ನು ಬರೆದಿಡಿರಿ. ಪುರುಷರು ಬರೆದ ಚರಿತ್ರೆಯಲ್ಲಿ ಕಾಳಗದ ತಾರೀಖುಗಳಿರುವುವು. ಯಾವ ವರ್ಷ ಕೆರೆ ಬತ್ತಿತು, ಆಗ ನೀರಿಗೆ ಎಷ್ಟು ದೂರ ನಡೆಯಬೇಕಾಯಿತು, ಯಾವ ವರ್ಷ ಕೋಡಿಬಿದ್ದಾಗ ಊರೆಲ್ಲ ಬಾಗಿನವನ್ನು ಅರ್ಪಿಸಿತು ಎಂಬ ಚರಿತ್ರೆಯು ಕೊಡವನ್ನು ಹೊತ್ತವರಿಗೇ ಚೆನ್ನಾಗಿ ಗೊತ್ತು.

ಹೀಗೆ ಪ್ರತಿಯೊಬ್ಬಳೂ ತನ್ನ ಗ್ರಾಮದ ವಿಚಾರವಾಗಿ ನಾಲ್ಕು ಪುಟಗಳನ್ನು ಬರೆದು ಕಳುಹಿಸಿದರೆ ಅವುಗಳನ್ನು ಶಾಲೆಯ ಪುಸ್ತಕಾಲಯದಲ್ಲಿ ಜೋಪಾನವಾಗಿ ಇಡುವೆವು. ಮುಂದೆ ಬರುವ ಹುಡುಗಿಯರು ದೂರದೇಶದ ಸರೋವರಗಳನ್ನು ತೋರಿಸಿದಷ್ಟೇ ಸುಲಭವಾಗಿ ತಮ್ಮ ತಾಯಿಯ ಊರಿನ ಕೆರೆಯನ್ನೂ ನಕ್ಷೆಯಲ್ಲಿ ತೋರಿಸಿ, ಅದರ ಕಥೆಯನ್ನು ನಾಲ್ಕು ಜನರ ಮುಂದೆ ಹೇಳುವಂತಾಗಲಿ. ಅವರು ಓದಿ ತಿಳಿದುದು ಅವರ ಊರಿಗೆ ನೆರಳೂ ನೀರೂ ಆಗಲೆಂದು ಹಾರೈಸಿ ಈ ಲೇಖನವನ್ನು ಮುಗಿಸುವೆವು.